ನಾಯಿಮರಿಗೆ ಮನೆಯ ನಡತೆ

ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಅನೇಕ ಮನೆಗಳ ನೆಲಕ್ಕೆ ಶಹಾಬಾದಿನ ಕಲ್ಲು ಹಾಸಿರುತ್ತದೆ. ಸಾಕಿದ ಮರಿಯ ಮೂತ್ರವು ಕಲ್ಲಿನ ಸಂದುಗಳಲ್ಲಿ ಇಂಗಿ ವಾಸನೆಯು ಉಳಿಯುವುದು. ಮರಿಯು ಆ ವಾಸನೆಯನ್ನು ಅರಸಿ ಪುನಃ ಅಲ್ಲಿಗೇ ಹೋಗುವುದು. ಹೊಡೆದರೆ ಅದು ಕಲಿಯುವುದು ಒಂದೇ: ನಿಮ್ಮ ಕಣ್ಣು ತಪ್ಪಿಸಿ ಮಂಚದ ಕೆಳಗೆ ಹೋಗುವುದು.

ಆದಕಾರಣ ಮೊದಲು ನೆಲವನ್ನು ಶುದ್ಧಮಾಡತಕ್ಕದ್ದು. ಇದು ಸುಣ್ಣದ ಕಲ್ಲು. ನಿಂಬೆ, ಹುಣಿಸೆ, ಆಸಿಡ್ ತಗಲಿದರೆ ಸವೆಯುವುದು. ಒದ್ದೆಯನ್ನು ಬಟ್ಟೆಯಿಂದ ಒತ್ತಿ ತೆಗೆದು, ಅಡಿಗೆ ಸೋಡ ಬೆರೆಸಿದ ನೀರಿನಿಂದ ತೊಳೆದು ಒಣಗಿಸಿರಿ. ಬಳಿಕ ಮರಿಯು ನಿದ್ದೆಯಿಂದ ಎದ್ದೊಡನೆ, ಉಂಡೊಡನೆ, ಆಡಿ ಮುಗಿದೊಡನೆ ಅದನ್ನು ಅಂಗಳದ ಒಂದೇ ಮೂಲೆಗೆ ಒಯ್ಯಿರಿ. ಅಲ್ಲಿ ಕೆಲಸ ಮುಗಿಸಿದ ಕ್ಷಣವೇ ಮೆಚ್ಚಿ ತುತ್ತು ಕೊಡಿರಿ. ಮೂರು ತಿಂಗಳ ಮರಿಯು ಹಗಲಿನಲ್ಲಿ ಮೂರು ನಾಲ್ಕು ತಾಸಿಗಿಂತ ಹೆಚ್ಚು ತಡೆಯಲಾರದು. ಬೇಸಿಗೆಯ ಮಧ್ಯಾಹ್ನದಲ್ಲಿ ಕಾದ ಕಲ್ಲು ಅದರ ಪಾದವನ್ನು ಸುಡುವುದರಿಂದ ಆ ಮೂಲೆಯು ನೆರಳಿನಲ್ಲಿರಲಿ.

ಕಡಿದು ಹರಿಯುವುದಕ್ಕೂ ಕಾರಣವುಂಟು. ನಾಲ್ಕರಿಂದ ಏಳನೆಯ ತಿಂಗಳೊಳಗೆ 28 ಹಾಲುಹಲ್ಲುಗಳು ಬಿದ್ದು 42 ಹಲ್ಲುಗಳು ಮೂಡುವುವು. ಆಗ ವಸಡು ನೋಯುವುದು. ಚಪ್ಪಲಿ, ಕೌದಿಗಳನ್ನು ಮೇಲಿರಿಸಿ, ಗಟ್ಟಿ ರಬ್ಬರಿನ ಆಟಿಕೆಯನ್ನಾಗಲಿ ತಂಪಾದ ಗಜ್ಜರಿಯನ್ನಾಗಲಿ ಕೊಡಿರಿ. ಬೇಯಿಸಿದ ಎಲುಬನ್ನು ಮಾತ್ರ ಕೊಡಬಾರದು, ಅದು ಸೀಳಿ ಗಂಟಲಿಗೆ ಚುಚ್ಚುವುದು. ಮೂರನೆಯ ತಿಂಗಳಲ್ಲಿ ಹುಚ್ಚುರೋಗದ ಲಸಿಕೆಯನ್ನೂ ಹಾಕಿಸಬೇಕು.

ಬೇಸತ್ತು ಬೀದಿಗೆ ಬಿಟ್ಟ ಮರಿಯು ಹಸಿವಿಗೂ ವಾಹನಕ್ಕೂ ಬಲಿಯಾಗುವುದು. ಬೇಕಾದದ್ದು ಕೆಲವು ತಿಂಗಳ ಸಹನೆ. ಅಷ್ಟರಲ್ಲಿ ಮನೆಗೆ ಹತ್ತಾರು ವರ್ಷಗಳ ಕಾವಲುಗಾರ ಸಿಕ್ಕಿರುತ್ತಾನೆ.