ಸೂಜಿ ಬದಲಾಯಿಸಿದರೆ ಸಾಲದು ಸ್ವಾಮಿ!

ಸಕ್ಕರೆ ಕಾಯಿಲೆ ಈಗ ಸಾಹುಕಾರರ ಕಾಯಿಲೆಯಾಗಿ ಉಳಿದಿಲ್ಲ. ಮಂಡಿಯಲ್ಲಿ ಮೂಟೆ ಹೊರುವ ಹಮಾಲರಿಗೂ ಇದೆ, ಬೀಡಿ ಕಟ್ಟುವ ಹೆಂಗಸರಿಗೂ ಇದೆ. ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುವವರು ಈಗ ಯಾವ ಬೀದಿಗೆ ಹೋದರೂ ಸಿಗುತ್ತಾರೆ. ಆದರೆ ಮೆಡಿಕಲ್ ಸ್ಟೋರಿನ ಮುಂದೆ ನಿಂತು “ಒಂದು ಇನ್ಸುಲಿನ್ ಸಿರಿಂಜ್ ಕೊಡಿ” ಅಂದರೆ, “ಯಾವುದು, ನಲವತ್ತರದೋ ನೂರರದೋ?” ಅಂತ ತಿರುಗಿ ಕೇಳುವ ಅಂಗಡಿಯವರು ಎಷ್ಟು ಮಂದಿ ಇದ್ದಾರೆ? ಅವರು ಕೇಳದೆ ಕೊಡೋದು, ಇವರು ನೋಡದೆ ತಗೊಳ್ಳೋದು. ಈ ವ್ಯಾಪಾರ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕಾಗಿದೆ.

ನಮ್ಮಲ್ಲಿ ಮಾರುವ ಇನ್ಸುಲಿನ್ ಎರಡು ಬಗೆ. ಒಂದು ಎಂ.ಎಲ್.ನಲ್ಲಿ 40 ಯೂನಿಟ್ ಇರುವ ಬಾಟಲಿ ಒಂದು, 100 ಯೂನಿಟ್ ಇರುವುದು ಇನ್ನೊಂದು. ಪೆನ್ನಿಗೆ ಹಾಕುವ ಕಾರ್ಟ್ರಿಜ್ ಸಾಮಾನ್ಯವಾಗಿ 100ರದು. ಸಿರಿಂಜೂ ಅದಕ್ಕೆ ತಕ್ಕಂತೆ ಎರಡು: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ಡಾಕ್ಟರು 20 ಯೂನಿಟ್ ಬರೆದಿದ್ದಾರೆ ಅಂತಿಟ್ಟುಕೊಳ್ಳಿ. ನೂರರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಅರ್ಧ ಎಂ.ಎಲ್. ಬಂತು, ಅಂದರೆ ಮೈಗೆ ಹೋಗಿದ್ದು 20 ಅಲ್ಲ, 50 ಯೂನಿಟ್. ಎರಡೂವರೆ ಪಟ್ಟು! ತಿರುಗಾಮುರುಗಾ ಮಾಡಿದರೆ, ಅಂದರೆ ನಲವತ್ತರ ಇನ್ಸುಲಿನ್ನನ್ನು ಕಿತ್ತಳೆ ಮುಚ್ಚಳದ ಸಿರಿಂಜಿಗೆ ಎಳೆದರೆ, ಹೋಗುವುದು ಬರೀ 8 ಯೂನಿಟ್. ಆಮೇಲೆ “ಎಷ್ಟು ಚುಚ್ಚಿದರೂ ಶುಗರ್ ಇಳೀತಿಲ್ಲ” ಅಂತ ಡಾಕ್ಟರನ್ನೇ ಬಯ್ಯೋದು.

ಮೊದಲನೆಯ ತಪ್ಪು ಭಯಂಕರ. ಪೆನ್ನು ಕೆಟ್ಟಿತು, ಕಾರ್ಟ್ರಿಜ್‌ನಲ್ಲಿ ಔಷಧಿ ಉಳಿದಿದೆ, ಸುಮ್ಮನೆ ಯಾಕೆ ಬಿಸಾಡೋದು ಅಂತ ಮನೆಯಲ್ಲಿದ್ದ ಕೆಂಪು ಸಿರಿಂಜಿಗೆ ಎಳೆದುಕೊಂಡವರ ಗತಿ ಏನು? ರಾತ್ರಿ ಹೊತ್ತು ಮೈಯೆಲ್ಲಾ ಬೆವರು, ನಡುಕ, ತೊದಲು ಮಾತು, ಕೊನೆಗೆ ಎಚ್ಚರ ತಪ್ಪೋದು. ಕುಡಿದಿದ್ದಾನೆ ಅಂತಲೋ ಗಾಳಿ ಸೋಕಿದೆ ಅಂತಲೋ ಮನೆಯವರು ಬೆಳಗಿನ ತನಕ ಕಾಯುವಂತಿಲ್ಲ. ಎಚ್ಚರ ಇರುವಾಗಲೇ ಸಕ್ಕರೆ ನೀರು ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹುಯ್ಯದೆ ಆಸ್ಪತ್ರೆಗೆ ಎತ್ತಿಕೊಂಡು ಓಡಬೇಕು. ಬಾಟಲಿಯ ಮೇಲಿನ ಸಂಖ್ಯೆಯೂ ಸಿರಿಂಜಿನ ಮೇಲಿನ ಸಂಖ್ಯೆಯೂ ಒಂದೇ ಇದೆಯಾ ಅಂತ ನೋಡೋಕೆ ಎಂ.ಬಿ.ಬಿ.ಎಸ್. ಓದಬೇಕಾಗಿಲ್ಲ. ಆದರೆ ಆ ಸಣ್ಣ ಇಂಗ್ಲಿಷ್ ಅಕ್ಷರ ನಮ್ಮ ಅಜ್ಜಿಯರ ಕಣ್ಣಿಗೆ ಕಾಣೋದಿಲ್ಲ, ಕಂಡರೂ ಓದೋಕೆ ಬರೋದಿಲ್ಲ. ಹಾಗಾಗಿ ಕೇಳಬೇಕಾದವರು ಅಂಗಡಿಯವರೇ.

ಇನ್ನು ಹಳ್ಳಿ ಕಡೆಯ ‘ಡಾಕ್ಟರ’ ವಿಷಯ. ಜ್ವರ ಅಂದರೂ ಇಂಜೆಕ್ಷನ್, ಸೊಂಟ ನೋವು ಅಂದರೂ ಇಂಜೆಕ್ಷನ್. ಚುಚ್ಚದಿದ್ದರೆ ಅವನೆಂಥ ಡಾಕ್ಟರು ಅನ್ನುವ ಜನರದೂ ಇದರಲ್ಲಿ ಪಾಲಿದೆ, ಇರಲಿ. ಇಂಥವರನ್ನು ಕೇಳಿದರೆ ಸಿದ್ಧ ಉತ್ತರ ಒಂದಿದೆ: “ಸೂಜಿ ಬದಲಾಯಿಸ್ತೀನಲ್ಲಾ ಸಾರ್!” ಸೂಜಿ ಬದಲಾಯಿಸಿದರೆ ಸಾಲದು. ಚುಚ್ಚಿದಾಗ ಕಣ್ಣಿಗೆ ಕಾಣದಷ್ಟು ರಕ್ತ ಸಿರಿಂಜಿನ ಕೊಳವೆಯೊಳಕ್ಕೂ ಹೋಗಬಹುದು. ಅದೇ ಸಿರಿಂಜನ್ನು ಮತ್ತೆ ಔಷಧಿ ಬಾಟಲಿಗೆ ಅದ್ದಿದರೆ ಇಡೀ ಬಾಟಲಿಯೇ ಕೆಟ್ಟಿತು. ಮೊದಲು ಗಾಜಿನ ಸಿರಿಂಜನ್ನು ಸ್ಟೌ ಮೇಲೆ ಕುದಿಸುತ್ತಿದ್ದರಲ್ಲ ಅಂತ ವಾದ ಮಾಡುವವರಿದ್ದಾರೆ. ಅದು ಗಾಜು, ಇದು ಒಂದೇ ಸಲಕ್ಕೆ ಅಂತ ಮಾಡಿದ ಪ್ಲಾಸ್ಟಿಕ್ಕು.

ಇದರ ಫಲ ಏನು ಅಂತ ದೇಶ ನೋಡಿದೆ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಕಾಮಾಲೆಯ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ಬಳಸಿದ ಸಿರಿಂಜುಗಳ ಮರುಬಳಕೆಯೇ ಕಾರಣ ಅಂತ ಡಾಕ್ಟರುಗಳ ಮೇಲೆ ಕೇಸಾಯಿತು. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರ್‌ಮವ್‌ನಲ್ಲಿ ಹತ್ತಾರು ಬಡವರಿಗೆ ಎಚ್.ಐ.ವಿ. ಕಂಡಾಗ ಬೆರಳು ತೋರಿದ್ದು ಸೈಕಲ್ಲಿನಲ್ಲಿ ತಿರುಗಿ ಚುಚ್ಚುತ್ತಿದ್ದ ನಕಲಿ ವೈದ್ಯನ ಕಡೆಗೆ. ಮರುವರ್ಷ ಪಾಕಿಸ್ತಾನದ ರತೋಡೇರೋದಲ್ಲಿ ನೂರಾರು ಮಕ್ಕಳಿಗೆ ಅದೇ ಸೋಂಕು. ಎಲ್ಲೋ ದೂರದ ಊರುಗಳು ಅನ್ನಬೇಡಿ. ನಮ್ಮ ಸಂತೆಬೀದಿಯ ಕ್ಲಿನಿಕ್ಕುಗಳ ಒಳಗೆ ಕೊನೆಯ ಸಲ ಹೊಕ್ಕು ನೋಡಿದ ಅಧಿಕಾರಿ ಯಾರು?

ಸರ್ಕಾರಿ ಲಸಿಕೆಯ ಮಟ್ಟಿಗೆ ಭಯ ಬೇಡ. ಅಲ್ಲಿ ಬಳಸುವುದು ಒಂದು ಸಲ ಒತ್ತಿದರೆ ತಾನಾಗಿಯೇ ಲಾಕ್ ಆಗುವ ಸಿರಿಂಜು, ಇನ್ನೊಮ್ಮೆ ಎಳೆಯೋಕೆ ಬರೋದೇ ಇಲ್ಲ. ಬಿ.ಸಿ.ಜಿ.ಗೆ ಪುಟ್ಟದು, ಮಿಕ್ಕ ಬಹುತೇಕ ಲಸಿಕೆಗೆ ಅರ್ಧ ಎಂ.ಎಲ್.ನದು. ಮಾಮೂಲಿ ಚಿಕಿತ್ಸೆಯ ಇಂಜೆಕ್ಷನ್ನುಗಳಿಗೂ ಇಂಥದ್ದೇ ಬಳಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಖಾಸಗಿಯವರಿಗೆ ಇದು ಕಿವಿಗೆ ಬಿದ್ದಂತಿಲ್ಲ.

ಬಳಸಿದ ಮೇಲಿನ ಕತೆ ಇನ್ನೊಂದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿ ಚುಚ್ಚಿ ಹೊರಬಾರದಂಥ ಬಿಳಿ ಡಬ್ಬಕ್ಕೆ, ಸೂಜಿ ತೆಗೆದ ಪ್ಲಾಸ್ಟಿಕ್ ಸಿರಿಂಜು ಕೆಂಪು ಚೀಲಕ್ಕೆ ಹೋಗಬೇಕು. ಸೂಜಿಗೆ ಮತ್ತೆ ಮುಚ್ಚಳ ಹಾಕೋಕೆ ಹೋಗಿ ಬೆರಳು ಚುಚ್ಚಿಕೊಳ್ಳುವ ನರ್ಸುಗಳು, ಕಸದ ಗುಡ್ಡೆಗೆ ಬರಿಗೈ ಹಾಕುವ ಪೌರಕಾರ್ಮಿಕರು, ಇವರ ಪಾಡನ್ನು ಕೇಳೋರಿಲ್ಲ. ಮನೆಯಲ್ಲಿ ಇನ್ಸುಲಿನ್ ತಗೊಳ್ಳುವವರೂ ಸೂಜಿಯನ್ನು ಹಸಿ ಕಸದ ಜೊತೆ ಸುರಿಯದೆ ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ, ಮುಚ್ಚಿ, ಗಾಡಿಯವರಿಗೆ ಹೇಳಿ ಬೇರೆಯಾಗಿ ಕೊಡಬೇಕು. ಅದನ್ನು ಬೇರೆಯಾಗಿಯೇ ಇಟ್ಟುಕೊಳ್ಳುವ ಏರ್ಪಾಡು ನಗರಸಭೆಯ ಗಾಡಿಯಲ್ಲಿ ಇರಬೇಕಷ್ಟೆ.

ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ನೋಂದಣಿ ಇಲ್ಲದ ಕ್ಲಿನಿಕ್ಕುಗಳ ಪಟ್ಟಿಯನ್ನು ತಾಲ್ಲೂಕುವಾರು ಅವರು ಪ್ರಕಟಿಸಲಿ. ಔಷಧ ನಿಯಂತ್ರಣ ಇಲಾಖೆಯವರು ಪ್ರತಿ ಮೆಡಿಕಲ್ ಸ್ಟೋರಿನ ಕೌಂಟರಿನ ಮೇಲೆ ಕನ್ನಡದಲ್ಲಿ ಎರಡು ಸಾಲಿನ ಬೋರ್ಡು ಹಾಕಿಸಲಿ: 40ರ ಬಾಟಲಿಗೆ ಕೆಂಪು ಮುಚ್ಚಳ, 100ರ ಬಾಟಲಿಗೆ ಕಿತ್ತಳೆ ಮುಚ್ಚಳ. ಖರ್ಚು ಒಂದು ರಟ್ಟು, ಒಂದು ಸ್ಕೆಚ್ ಪೆನ್ನು. ಬೋರ್ಡು ಎಲ್ಲೆಲ್ಲಿ ಬಂತು, ಎಲ್ಲೆಲ್ಲಿ ಬರಲಿಲ್ಲ ಅನ್ನೋದನ್ನು ಓದುಗರು ಬರೆದು ತಿಳಿಸಿದರೆ ಇದೇ ಅಂಕಣದಲ್ಲಿ ಪ್ರಕಟಿಸುತ್ತೇವೆ.