ಗೇಟಿನ ಹಲಗೆ

ನಮ್ಮ ಬಡಾವಣೆಯ ಹೆಸರು ಸಹಕಾರನಗರ. ಹೆಸರಿಟ್ಟವರ ಮೇಲೆ ನನ್ನ ತಕರಾರಿಲ್ಲ. ತಕರಾರೆಲ್ಲ ಇಲ್ಲಿನ ಮನೆಮನೆಯ ಗೇಟಿಗೆ ತೂಗುಹಾಕಿರುವ ತಗಡಿನ ಹಲಗೆಗಳ ಮೇಲೆ. 'ಇಲ್ಲಿ ವಾಹನ ನಿಲ್ಲಿಸಬಾರದು, ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು.' ಸಣ್ಣ ಮನೆಗಳ ಹಲಗೆಯಲ್ಲಿ 'ದಯವಿಟ್ಟು' ಎಂಬ ಮಾತಿರುತ್ತದೆ. ಅಂತಸ್ತು ಏರಿದಂತೆ ಅದು ಮಾಯವಾಗುವುದನ್ನು ಬೆಳಗಿನ ನಡಿಗೆಯಲ್ಲಿ ಗಮನಿಸಿದ್ದೇನೆ.

ಗೇಟಿಗೆ ಅಡ್ಡವಾಗಿ ನಿಲ್ಲಿಸಬಾರದೆಂಬುದು ನ್ಯಾಯವೇ. ಅದಕ್ಕೆ ಹಲಗೆ ಬೇಕಿಲ್ಲ. ತಿರುವಿನಲ್ಲಿ, ಕೂಡುರಸ್ತೆಯ ಬಳಿ, ಫುಟ್‌ಪಾತಿನ ಮೇಲೆ, ಬಸ್ ನಿಲ್ದಾಣದ ಹತ್ತಿರ, ಶಾಲೆ ಆಸ್ಪತ್ರೆಗಳ ಬಾಗಿಲಲ್ಲಿ, ಯಾರದೇ ಪ್ರವೇಶದ್ವಾರಕ್ಕೆ ಅಡ್ಡವಾಗಿ ವಾಹನ ನಿಲ್ಲಿಸಕೂಡದೆಂದು 1989ರ ರಸ್ತೆ ನಿಯಮಗಳೇ ವಿಧಿಸಿದ್ದವು. ಅವುಗಳ ಸ್ಥಾನಕ್ಕೆ ಬಂದ 2017ರ ನಿಯಮಗಳೂ ಈ ವಿಷಯದಲ್ಲಿ ಸಡಿಲವಾಗಿಲ್ಲ.

ಆದರೆ ಗೇಟು ಹತ್ತು ಅಡಿ, ಹಲಗೆಯ ದರ್ಬಾರು ಮಾತ್ರ ಕಾಂಪೌಂಡಿನುದ್ದಕ್ಕೂ! ಅದೂ ಸಾಲದೆಂದು ರಸ್ತೆಯಲ್ಲಿ ಹೂಕುಂಡ, ದಿಂಡುಗಲ್ಲು, ಸಿಮೆಂಟು ತುಂಬಿದ ಬಣ್ಣದ ಡಬ್ಬ. ಕೇಳಿದರೆ, "ನಮ್ಮ ಮನೆ ಮುಂದಿನ ಜಾಗ ಸ್ವಾಮಿ" ಎನ್ನುತ್ತಾರೆ. ಮನೆ ನಿಮ್ಮದು, ಒಪ್ಪಿದೆ. ರಸ್ತೆಯನ್ನು ಯಾವ ರಿಜಿಸ್ಟ್ರಾರರ ಕಚೇರಿಯಲ್ಲಿ ಬರೆಸಿಕೊಂಡಿರಿ? 1988ರ ಮೋಟಾರು ವಾಹನ ಕಾಯಿದೆಯ 116ನೆಯ ಕಲಮಿನಂತೆ ಸಂಚಾರ ಫಲಕ ನೆಡುವ ಅಧಿಕಾರ ಸರ್ಕಾರಕ್ಕೆ, ಅದು ನೇಮಿಸಿದವರಿಗೆ, ಗೃಹಸ್ಥರಿಗಲ್ಲ. ಈ ಮಹನೀಯರ ಎರಡನೆಯ ಕಾರು ಎಲ್ಲಿದೆ ಬಲ್ಲಿರಾ? ಎದುರಿನ ಫುಟ್‌ಪಾತಿನ ಮೇಲೆ. ನಕ್ಷೆಯಲ್ಲಿ ಕಾರಿಗೆಂದು ತೋರಿಸಿದ ಕೋಣೆಯಲ್ಲಿ ಬೇಕರಿ ನಡೆಯುತ್ತಿದೆ, ಬಾಡಿಗೆ ಬರುತ್ತಿದೆ.

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಅಡ್ಡರಸ್ತೆಗೆ ಆಂಬುಲೆನ್ಸ್ ಬಂತು. ತಿರುವಿನಲ್ಲೇ ಒಂದು ಕಾರು. ಒಳಗೆ ಬರಲಾಗಲಿಲ್ಲ. ಪಕ್ಕದ ಮನೆಯ ಅಜ್ಜಿಯನ್ನು ನಾಲ್ವರು ಮಳೆಯಲ್ಲೇ ಹೊತ್ತು ಮುಖ್ಯರಸ್ತೆ ಮುಟ್ಟಿಸಿದೆವು. ತಿರುವಿನ ಕಾರಿನ ಒಡೆಯರು ಅಜ್ಜಿಗೆ ಕೊಡೆ ಹಿಡಿದು ಜೊತೆಗೇ ಬಂದರು. ಕೆಟ್ಟವರೇನಲ್ಲ. ಅಜ್ಜಿ ಉಳಿದರು. ಕಾರು ಮರುದಿನವೂ ಅಲ್ಲೇ ನಿಂತಿತ್ತು.

ಪೊಲೀಸರೇನು ಮಾಡುತ್ತಿದ್ದಾರೆಂದು ನಾವು ಕೇಳುತ್ತೇವೆ. ವಾಹನ ಎತ್ತಿಕೊಂಡು ಹೋಗುವ ಲಾರಿಯವರ ಒರಟುತನದ ವಿರುದ್ಧ ಕೂಗೆದ್ದು 2022ರ ಫೆಬ್ರವರಿಯಲ್ಲಿ ಆ ಕ್ರಮ ನಿಂತಿತು. ದೂರು ಸುಳ್ಳಲ್ಲ. ಆದರೆ ಲಾರಿ ನಿಂತ ಮೇಲೆ ನಮ್ಮಲ್ಲಿ ಎಷ್ಟು ಮಂದಿ ತಾವಾಗಿ ತಿರುವು ಬಿಟ್ಟು ನಿಲ್ಲಿಸಿದೆವು? ರಸ್ತೆಯಲ್ಲಿ ಕಾರಿಡುವ ನಿವಾಸಿಗಳು ವಾರ್ಷಿಕ ಶುಲ್ಕ ಕೊಡಬೇಕೆಂದು 2021ರ ನಿಲುಗಡೆ ನೀತಿ ಹೇಳಿದಾಗಲೂ ನಮಗೆ ಸಿಟ್ಟೇ ಬಂತು. ಸಣ್ಣ ಕಾರಿಗೆ ವರ್ಷಕ್ಕೆ 1000 ರೂಪಾಯಿ: ದಿನಕ್ಕೆ ಮೂರು ರೂಪಾಯಿಯೂ ಆಗದು. ಜಪಾನಿನಲ್ಲಿ ಕಾರಿಡಲು ಸ್ವಂತಕ್ಕೋ ಬಾಡಿಗೆಗೋ ಜಾಗ ಹೊಂದಿಸಿಕೊಳ್ಳಬೇಕೆಂದು 1962ರಲ್ಲೇ ಕಾನೂನಾಯಿತು. ಬೆಂಗಳೂರಿನ ನೋಂದಾಯಿತ ವಾಹನಗಳು ಕೋಟಿ ದಾಟಿವೆ. ಜಾಗವೆಲ್ಲಿ ಎಂದು ಕೊಳ್ಳುವವರನ್ನು ಕೇಳುವವರಿಲ್ಲ.

ನನ್ನ ಗೇಟಿನಲ್ಲೂ ಒಂದು ಹಲಗೆಯಿತ್ತು, ಮುಚ್ಚಿಡುವುದೇಕೆ? ಭಾನುವಾರ ಬಿಚ್ಚಿದೆ. ಸೋಮವಾರ ಬೆಳಗ್ಗೆ ಕಾಂಪೌಂಡಿನ ಮುಂದೆ ಯಾರದೋ ಬಿಳಿ ಕಾರು ನಿಂತಿತ್ತು. ಗೇಟಿಗೆ ಅಡ್ಡವಿಲ್ಲ, ಫುಟ್‌ಪಾತಿನ ಮೇಲಿಲ್ಲ, ತಿರುವಿನಿಂದಲೂ ದೂರ. ಹೊಟ್ಟೆ ಉರಿಯಿತು. ಗಾಳಿ ಮಾತ್ರ ತೆಗೆಯಲಿಲ್ಲ.