ಆ ಮುಖಪುಟದ ಹುಡುಗಿ



ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಕಾಲೇಜಿನಲ್ಲಿ ಸಹಪಾಠಿ ಕೇಳಿದಳಂತೆ: "ನಿಮ್ಮ ಮನೆಯಲ್ಲಿ ಹೆಂಗಸರನ್ನು ಒಳಗೇ ಕೂಡಿ ಹಾಕುತ್ತಾರಂತೆ, ಹೌದಾ?" ಕೇಳಿದವಳು ಕೆಟ್ಟವಳೇನಲ್ಲ. ಎಲ್ಲೋ ನೋಡಿದ ಚಿತ್ರ ಅವಳ ತಲೆಯಲ್ಲಿತ್ತು, ಅಷ್ಟೇ. ಅಂತಹ ಚಿತ್ರಗಳು ಎಲ್ಲಿಂದ ಬಂದವು? ಒಂದೇ ಮೂಲ ಎನ್ನಲಾಗದು. ಆದರೆ ಒಂದು ಮೂಲವನ್ನು ನೀವು ಮನೆಯಲ್ಲೇ ಕುಳಿತು ನೋಡಬಹುದು.

1996ರಲ್ಲಿ ಅಮೆರಿಕದಲ್ಲಿ ಆರಂಭವಾದ ಇಂಟರ್‌ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯದಲ್ಲಿ 'ಪಲ್ಪ್' ಪತ್ರಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದುದರಿಂದ ಆ ಹೆಸರು. ಆ ಕಾಗದದೊಳಗಿನ ಆಮ್ಲವೇ ಅದನ್ನು ಹಳದಿಯಾಗಿಸಿ ಪುಡಿ ಮಾಡುತ್ತದೆ. ಓದಿ ಎಸೆಯಬೇಕಾಗಿದ್ದ ಸರಕು ಹೀಗೆ ನಮ್ಮ ಮೊಬೈಲಿಗೆ ಬಂದಿದೆ.

ಅವುಗಳಲ್ಲಿ ಒಂದು, 1930ರಲ್ಲಿ ಷಿಕಾಗೋದಿಂದ ಹೊರಟ 'ಓರಿಯೆಂಟಲ್ ಸ್ಟೋರೀಸ್'. ಒಂಬತ್ತು ಸಂಚಿಕೆಗಳ ನಂತರ 'ಮ್ಯಾಜಿಕ್ ಕಾರ್ಪೆಟ್' ಎಂದು ಹೆಸರು ಬದಲಿಸಿ 1934ರ ಜನವರಿಯಲ್ಲಿ ನಿಂತಿತು. ಮರಳುಗಾಡು, ಸುಲ್ತಾನ, ಖಡ್ಗ, ಅಂತಃಪುರ – ಪುಟ ತಿರುವಿದಲ್ಲೆಲ್ಲ ಅದೇ. ಅಲ್ಲಿ ಬರೆದ ರಾಬರ್ಟ್ ಹೊವಾರ್ಡ್ ಟೆಕ್ಸಾಸಿನ ಸಣ್ಣ ಊರಿನಲ್ಲಿದ್ದವನು, ಪೂರ್ವ ದೇಶಗಳನ್ನು ಕಂಡವನಲ್ಲ. ಪುಸ್ತಕ ಓದಿ ಶಿಲುಬೆ ಯುದ್ಧದ ಕತೆ ಕಟ್ಟಿದ. ಆದರೂ ನ್ಯಾಯವಾಗಿ ಹೇಳಬೇಕು, ಅವನ ಕತೆಯ ಮಮ್ಲೂಕ್ ದೊರೆ ಬೈಬರ್ಸ್ ಹೇಡಿಯಲ್ಲ, ಎದೆಗಾರ. ಗಂಡಸರಿಗೆ ಆ ಮಟ್ಟಿಗಾದರೂ ಮರ್ಯಾದೆ ಸಿಕ್ಕಿತು ಎನ್ನಿ!

ನನ್ನನ್ನು ತಡೆದು ನಿಲ್ಲಿಸಿದ್ದು 1932ರ ವಸಂತ ಸಂಚಿಕೆಯ ಮುಖಪುಟ. ಬಿಡಿಸಿದವರು ಮಾರ್ಗರೆಟ್ ಬ್ರಂಡೇಜ್, ಒಬ್ಬ ಹೆಂಗಸು! ಮುಂದೆ 'ವೀಯರ್ಡ್ ಟೇಲ್ಸ್' ಪತ್ರಿಕೆಯ ಮುಖಪುಟಗಳಿಂದ ಹೆಸರಾದವರು. ಎಂ. ಬ್ರಂಡೇಜ್ ಎಂದಷ್ಟೇ ಸಹಿ ಹಾಕುತ್ತಿದ್ದುದರಿಂದ ಓದುಗರಿಗೆ ಬಹಳ ದಿನ ಅವರು ಹೆಣ್ಣೆಂದು ತಿಳಿಯಲಿಲ್ಲ. ಅದು ಅಮೆರಿಕದಲ್ಲಿ ಕೆಲಸ ಸಿಗದ ಕಾಲ. ಕಾಯಿಲೆಯ ತಾಯಿ ಮತ್ತು ಮಗನನ್ನು ಸಾಕುವ ಹೊಣೆ ಅವರ ಮೇಲಿತ್ತು. ಒಂದು ಮುಖಪುಟಕ್ಕೆ 90 ಡಾಲರ್ ಸಿಗುತ್ತಿತ್ತು. ಬಣ್ಣದ ಸೀಮೆಸುಣ್ಣದಿಂದ ಅವರು ಬಿಡಿಸಿದ್ದು ಹೆಚ್ಚಾಗಿ ಅರೆಬಟ್ಟೆಯ, ಅಸಹಾಯ ಹೆಣ್ಣುಗಳನ್ನು. ಅದಕ್ಕೇ ಗಿರಾಕಿಗಳಿದ್ದರು.

ಇದನ್ನೆಲ್ಲ ಆ ಹುಡುಗಿಗೆ ಹೇಳಿದೆ. "ಹಾಗಾದರೆ ಚಿತ್ರದಲ್ಲಿರುವವಳು ನಮ್ಮವಳೂ ಅಲ್ಲ, ಅವರವಳೂ ಅಲ್ಲ" ಎಂದಳು. ಸಹಪಾಠಿಯನ್ನು ಈದ್‌ಗೆ ಮನೆಗೆ ಕರೆದಿದ್ದಾಳಂತೆ.

ನೀವು ಹುಡುಕುವುದಾದರೆ ಪತ್ರಿಕೆಯ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜೊತೆಗೆ ವರ್ಷವನ್ನೂ ಹಾಕಿ. ಎಲ್ಲ ಮುಖಪುಟಗಳೂ ಮಕ್ಕಳ ಮುಂದೆ ತೆರೆಯುವಂಥವಲ್ಲ. ಮೊದಲು ನೀವೇ ನೋಡಿಕೊಳ್ಳಿ.